ಜೋಳ ಹಸನು ಮಾಡುವ ಹೊತ್ತು

ಕೇಳುಗರೇ, ನಮಸ್ಕಾರ.

ಮನೆಯೊಳಗಿನ ಮೌನದ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಬಾನುಲಿಯವರು ಕರೆದಿದ್ದಾರೆ. ಈ ವಿಷಯ ಮನೆಯಲ್ಲಿ ತಿಳಿಸಿದಾಗ ಎಲ್ಲರೂ ನಕ್ಕರು. ನಗದೇ ಇರ್ತಾರಾ? ನಾನು 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವಳು. ದಿನಕ್ಕೆ ಕಡಿಮೆ ಅಂದರೂ ಐವತ್ತು ಸಲ "ಸುಮ್ನಿರ್ರೀ" ಅಂತ ಕೂಗಿದ್ದೇನೆ. ಮಕ್ಕಳ ಗಲಾಟೆಗಿಂತ ನನ್ನ "ಸುಮ್ನಿರ್ರೀ" ಜೋರಾಗಿ ಪಕ್ಕದ ಊರಿಗೆ ಕೇಳುತ್ತಿತ್ತು ಅಂತ ನಮ್ಮ ಹೆಡ್ ಮಾಸ್ತರರು ಚಾಷ್ಟಿ ಮಾಡುತ್ತಿದ್ದರು.

ಹಾಗಾಗಿ ಮೌನದ ಬಗ್ಗೆ ನನಗೆ ಗೊತ್ತಿರುವುದೆಲ್ಲ ನನ್ನ ಅವ್ವನಿಂದ ಬಂದದ್ದು. ಅವಳ ಕಥೆಯಿಂದಲೇ ಶುರು ಮಾಡುತ್ತೇನೆ.

ನಮ್ಮದು ಕೊಪ್ಪಳ ತಾಲೂಕಿನ ಒಂದು ಹಳ್ಳಿ. ಮಣ್ಣಿನ ಮಾಳಿಗೆ ಮನೆ. ಹನ್ನೊಂದು ಜನ, ಎರಡು ಎತ್ತು, ಒಂದು ಎಮ್ಮೆ. ಬಾಗಿಲು ದಾಟಿದರೆ ದನದ ಕೊಟ್ಟಿಗೆ, ಅದರ ಮೇಲೆ ಪಡಸಾಲೆ, ಅದರೊಳಗೆ ಅಡುಗೆಮನೆ. ಅಷ್ಟೇ. ಅವ್ವನಿಗೆ ಅಂತ ಒಂದು ಕೋಣೆ ಇರಲಿಲ್ಲ, ಒಂದು ಮೂಲೆಯೂ ಇರಲಿಲ್ಲ. ಆದರೆ ಮಧ್ಯಾಹ್ನ ಎಲ್ಲರ ಊಟ ಮುಗಿದು, ಮುಸುರೆ ತೊಳೆದ ಮೇಲೆ ಅವಳು ಬೆಳಕಿಂಡಿಯ ಕೆಳಗೆ ಮರ ಹಿಡಿದು ಕೂರುತ್ತಿದ್ದಳು. ಮರ ಅಂದರೆ ಗಿಡಮರ ಅಲ್ಲ ಮತ್ತೆ. ಮೈಸೂರು ಕಡೆಯವರು ಮೊರ ಅಂತಾರಲ್ಲ, ಅದು. ಅದರಲ್ಲಿ ಎರಡು ಸೇರು ಜೋಳ. ಒಂದೆರಡು ಸಲ ಕೇರಿ ಹೊಟ್ಟು ಹಾರಿಸುವಳು. ಆಮೇಲೆ ಬೆರಳಿನಿಂದ ಜೋಳ ಸರಿಸಿ ಸರಿಸಿ ಹರಳು ಹುಡುಕುವಳು. ಕಣ್ಣು ಜೋಳದ ಮೇಲೆ. ತುಟಿ ಮುಚ್ಚಿದ್ದು. ಬಳೆಯ ಸಣ್ಣ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಆಗ ನನಗೆ ಹತ್ತು ವರ್ಷ ಇರಬೇಕು. ಒಂದು ದಿನ ಪಕ್ಕದಲ್ಲಿ ಹೋಗಿ ಕೂತೆ. ಮರದಲ್ಲಿ ಒಂದು ಒಡೆದ ಜೋಳದ ಕಾಳು, ಕೆಂಪು ಮಚ್ಚೆ ಇದ್ದದ್ದು, ಹಿಂದಿನ ದಿನ ನಾನೇ ನೋಡಿದ್ದೆ. "ಅವ್ವಾ, ಈ ಜ್ವಾಳ ನಿನ್ನೇನ ಹಸನ ಮಾಡಿದ್ದಲ್ಲ?" ಅಂದೆ. ಅವ್ವ ತಲೆ ಎತ್ತಲಿಲ್ಲ. "ಸುಮ್ನಿರು" ಅಂದಳು, ಮೆಲ್ಲಗೆ. ನಾನು ಮುಂದೆ ಶಾಲೆಯಲ್ಲಿ ಕೂಗಿದ ಹಾಗಲ್ಲ.

ಇದರ ಅರ್ಥ ಆಗೋದಕ್ಕೆ ನನಗೆ ಐವತ್ತು ದಾಟಬೇಕಾಯಿತು. ನಮ್ಮ ಕಡೆ ಒಬ್ಬ ಹೆಣ್ಣುಮಗಳು ಸುಮ್ಮನೆ ಕೂತರೆ ಏನಾಗುತ್ತದೆ ಗೊತ್ತಲ್ಲ? ಹಾದು ಹೋದವರೆಲ್ಲ ನಿಂತು ಕೇಳುತ್ತಾರೆ. "ಯಾಕವ್ವಾ, ಸುಮ್ನ ಕುಂತೀದಿ? ಆರಾಮ ಇಲ್ಲೇನು? ಯಾರರೆ ಏನರೆ ಅಂದ್ರೇನು?" ಸುಮ್ಮನೆ ಕೂರುವುದು ಅಂದರೆ ಒಂದೋ ಜ್ವರ, ಇಲ್ಲಾ ಜಗಳ. ಮೂರನೆಯ ಕಾರಣ ಯಾರಿಗೂ ಹೊಳೆಯುವುದಿಲ್ಲ. ಗಂಡಸರಿಗೆ ಈ ತೊಂದರೆ ಇರಲಿಲ್ಲ. ಅಪ್ಪ ಹೊಲದ ಬದುವಿನಲ್ಲಿ ಬೇವಿನ ಗಿಡದ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಗಂಟೆಗಟ್ಟಲೆ ಕೂತರೂ ಯಾರೂ ಜ್ವರ ಬಂತಾ ಅಂತ ಹಣೆ ಮುಟ್ಟಲಿಲ್ಲ. ಅವ್ವನಿಗೆ ಒಂದು ನೆಪ ಬೇಕಿತ್ತು. ಕೈಯಲ್ಲಿ ಮರ ಇದ್ದರೆ ಅವಳು ಕೆಲಸದಲ್ಲಿದ್ದಾಳೆ ಅಂತ ಲೆಕ್ಕ. ಕೆಲಸದಲ್ಲಿದ್ದವಳನ್ನು ಯಾರೂ ಮಾತಾಡಿಸುವುದಿಲ್ಲ. ಹಸನಾದ ಜೋಳವನ್ನೇ ಮತ್ತೆ ಹಸನು ಮಾಡಿ, ಅವಳು ದಿನಕ್ಕೆ ಅರ್ಧ ಗಂಟೆ ಗಳಿಸಿಕೊಳ್ಳುತ್ತಿದ್ದಳು.

ನಮ್ಮ ಊರಿಗೆ ಮೌನ ಹೊಸದೇನಲ್ಲ. ಕೊಪ್ಪಳದ ಹಳೆಯ ಹೆಸರು ಕೊಪಣ. 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಆ ಹೆಸರು ಬರುತ್ತದೆ. ಜೈನರಿಗೆ ಅದು ದೊಡ್ಡ ತೀರ್ಥವಾಗಿತ್ತು. ಅನ್ನ ನೀರು ಬಿಟ್ಟು, ಸಲ್ಲೇಖನ ಹಿಡಿದು ಇಲ್ಲಿ ಕಣ್ಣು ಮುಚ್ಚಿದವರ ಶಾಸನಗಳಿವೆ. ಅದಕ್ಕೂ ಎಷ್ಟೋ ಹಿಂದೆ, ಅಶೋಕನ ಮಾತನ್ನು ಇಲ್ಲಿಯ ಎರಡು ಬಂಡೆಗಳ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಕೊರೆದರು. ಒಂದು ಗವಿಮಠದ ಹತ್ತಿರ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಪಾಲ್ಕಿಗುಂಡು ನೋಡದವರಿಗೆ ಹೇಳುತ್ತೇನೆ: ನಿಂತ ಬಂಡೆಗಳ ಮೇಲೆ ಅಡ್ಡಕ್ಕೆ ಒಂದು ದೊಡ್ಡ ಬಂಡೆ ಕೂತಿದೆ. ದೂರದಿಂದ ಪಲ್ಲಕ್ಕಿ ಕಂಡಂತೆ ಕಾಣುತ್ತದೆ.

ಒಂದು ಸಲ ಐದನೇ ಕ್ಲಾಸಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೇಲೆ ಗಾಳಿ ಬಿಟ್ಟರೆ ಏನೂ ಇಲ್ಲ. "ನೋಡ್ರಿ, ಇಂಥ ಗುಡ್ಡದಾಗ ಮುನಿಗಳು ಮೌನವಾಗಿ ಕುಂತು ಧ್ಯಾನ ಮಾಡ್ತಿದ್ರು" ಅಂತ ದೊಡ್ಡದಾಗಿ ಪಾಠ ಶುರು ಮಾಡಿದೆ. ಹಿಂದೆ ನಿಂತಿದ್ದ ಒಬ್ಬ ಹುಡುಗ ಕೇಳಿದ. "ಟೀಚರ್, ಅವ್ರಿಗೆ ಅಡಿಗಿ ಯಾರು ಮಾಡ್ತಿದ್ರು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಇಳಿಯುವಾಗ ಆ ಪ್ರಶ್ನೆ ನನ್ನ ಜೊತೆಗೇ ಇಳಿಯಿತು. ಜೈನ ಮುನಿಗಳು ತಾವು ಅಡುಗೆ ಮಾಡುವುದಿಲ್ಲ. ದಿನಕ್ಕೆ ಒಂದು ಹೊತ್ತು ಗೃಹಸ್ಥರು ಕೊಟ್ಟದ್ದನ್ನು ಉಣ್ಣುತ್ತಾರೆ. ಅಂದರೆ ಗುಡ್ಡದ ಮೇಲಿನ ಮೌನಕ್ಕೆ ಕೆಳಗೆ ಊರಲ್ಲಿ ಯಾರೋ ಒಬ್ಬಳು ಒಲೆ ಊದಿದ್ದಾಳೆ. ಅವಳ ಮೌನ ಎಲ್ಲಿತ್ತು? ಅದು ಯಾವ ಬಂಡೆಯ ಮೇಲೂ ಇಲ್ಲ. ಕುಕ್ಕರ್ ಇಟ್ಟು ಗುಡ್ಡ ಹತ್ತೋಕೆ ಆಗದ ನನ್ನಂಥವರಿಗೆ ಬೇಕಾದದ್ದು ಅವಳ ಆ ಮೌನದ ಲೆಕ್ಕ.

ನಾವು ಕೊಪ್ಪಳದಲ್ಲಿ ಮನೆ ಕಟ್ಟಿದಾಗ ಇದೆಲ್ಲ ಸುಲಭ ಆಗುತ್ತದೆ ಅಂದುಕೊಂಡಿದ್ದೆ. ಆರ್‌ಸಿಸಿ ಮನೆ, ಮೂರು ರೂಮು, ಎಲ್ಲಕ್ಕೂ ಬಾಗಿಲು. ಆದರೆ ನಿಜ ಹೇಳಲಾ? ಹನ್ನೊಂದು ಜನರ ಮಾಳಿಗೆ ಮನೆಯಲ್ಲಿ ಇದ್ದಷ್ಟು ಸುಮ್ಮನಿರುವಿಕೆ ಐದು ಜನರ ಈ ಮನೆಯಲ್ಲಿ ಇಲ್ಲ. ಮಾಳಿಗೆಯ ಗೋಡೆ ಒಂದೂವರೆ ಮೊಳ ದಪ್ಪ. ತೊಲೆ, ಜಂತಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಸವಳು ಮಣ್ಣು ಹಾಕುತ್ತಿದ್ದರು. ಆ ಮಣ್ಣು ಬಿಸಿಲನ್ನೂ ತಡೆಯುತ್ತಿತ್ತು, ಸದ್ದನ್ನೂ ನುಂಗುತ್ತಿತ್ತು. ಸಿಮೆಂಟಿನ ಚಾವಣಿ ಎರಡನ್ನೂ ತಿರುಗಿಸಿ ನಮ್ಮ ಮೇಲೇ ಹಾಕುತ್ತದೆ. ಏಪ್ರಿಲ್ ಬಂತು ಅಂದರೆ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ 40 ಡಿಗ್ರಿ ದಾಟುತ್ತದೆ. ಫ್ಯಾನು ಸಾಲದು, ಕೂಲರ್ ಬೇಕು. ಕೂಲರ್ ಸದ್ದಿಗೆ ಟಿವಿ ಕೇಳಿಸಲ್ಲ ಅಂತ ಟಿವಿ ಜೋರು. ಟಿವಿ ಸದ್ದಿಗೆ ಫೋನ್ ಕೇಳಿಸಲ್ಲ ಅಂತ ಫೋನಿನವರು ಜೋರು.

ಹಿಂದೆ ರೇಡಿಯೋ ಕೂಡ ದಣಿವು ಆರಿಸಿಕೊಳ್ಳುತ್ತಿತ್ತು. ನಮಗೆ ಧಾರವಾಡ ಕೇಂದ್ರ ಚೆನ್ನಾಗಿ ಸಿಗುತ್ತಿತ್ತು. ಮಧ್ಯಾಹ್ನದ ಪ್ರಸಾರ ಮುಗಿಯಿತು ಅಂತ ಹೇಳಿದ ಮೇಲೆ ಬರೀ ಸುರ್ ಅನ್ನುವ ಸದ್ದು. ಅಪ್ಪ ಗುಂಡಿ ತಿರುಗಿಸಿದರೆ ಟಕ್. ಇಡೀ ಮನೆ ಉಸಿರು ಬಿಟ್ಟಂತೆ ಆಗುತ್ತಿತ್ತು. ಈಗ ಫೋನಿಗೆ ಹಾಗೆ ಹೇಳಿ ಹೋಗುವ ಅಭ್ಯಾಸವೇ ಇಲ್ಲ.

ಇನ್ನು ಗಡಿಯಾರದ ವಿಷಯ. ನಮ್ಮ ಮನೆಯ ವಾಸ್ತುಶಾಂತಿಗೆ ಏಳು ಗೋಡೆ ಗಡಿಯಾರ ಬಂದವು. ಏಳು! ಕೊಟ್ಟವರು ಬೇಜಾರು ಮಾಡಿಕೊಳ್ಳಬಾರದು ಅಂತ ಐದು ತೂಗುಹಾಕಿದೆವು. ಅದರಲ್ಲಿ ಮೂರಕ್ಕೆ ಗಂಟೆ ಹೊಡೆಯುವ ಚಟ. ಒಂದಕ್ಕೂ ಇನ್ನೊಂದಕ್ಕೂ ಎರಡು ನಿಮಿಷದ ಫರಕು. ಹನ್ನೆರಡು ಗಂಟೆಗೆ ನಮ್ಮ ಮನೆಯಲ್ಲಿ ಮೂವತ್ತಾರು ಸಲ ಗಂಟೆ ಬಾರಿಸುತ್ತಿತ್ತು. ಒಂಬತ್ತು ವರ್ಷ ಇದನ್ನು ಸಹಿಸಿಕೊಂಡೆವು, ಯಾರೂ ಅದನ್ನು ಸದ್ದು ಅಂತ ಗುರುತಿಸಲೇ ಇಲ್ಲ.

ಗುರುತಿಸಿದ್ದು ಇನ್ವರ್ಟರ್ ಕೆಟ್ಟಾಗ. ಎರಡು ವರ್ಷದ ಹಿಂದಿನ ಬೇಸಿಗೆ. ರಿಪೇರಿಯವನು ಬಂದು ನೋಡಿದ. ಸಾಮಾನು ಹುಬ್ಬಳ್ಳಿಯಿಂದ ಬರಬೇಕು, ನಾಳೆ ಬರುತ್ತೆ ಅಂದ. ಆ ನಾಳೆ ಹನ್ನೊಂದನೇ ದಿನಕ್ಕೆ ಬಂತು. ಅದೇ ದಿನಗಳಲ್ಲಿ ಲೈನ್ ಕೆಲಸ ಅಂತ ಮಧ್ಯಾಹ್ನ ಕರೆಂಟ್ ತೆಗೆಯುತ್ತಿದ್ದರು. ಮೊದಲ ದಿನ ಫ್ಯಾನ್ ನಿಂತಿತು, ಬೈದುಕೊಂಡೆ. ಅದರ ಜೊತೆಗೇ ಫ್ರಿಜ್ ಗಡಗಡ ಅಂದು ನಿಂತಿತು. ಅಯ್ಯೋ, ಇದು ಇಷ್ಟು ವರ್ಷ ಗೊಣಗುತ್ತಲೇ ಇತ್ತಾ ಅನ್ನಿಸಿತು. ನಿಂತ ಮೇಲೇ ಗೊತ್ತಾಗಿದ್ದು.

ಆಮೇಲೆ ಒಂದೊಂದೇ ಸದ್ದು ಒಳಗೆ ಬಂತು. ಮೂರು ಮನೆ ಆಚೆ ಯಾರೋ ಒಗ್ಗರಣೆ ಹಾಕಿದ್ದು. ಬೇವಿನ ಗಿಡದಲ್ಲಿ ಅಳಿಲು. ದೂರದಲ್ಲಿ ಗುಂತಕಲ್ ಕಡೆ ಹೋಗುವ ಗೂಡ್ಸ್ ರೈಲು, ಅದರ ಒಂದೊಂದು ಡಬ್ಬಿ ಎಣಿಸಬಹುದಿತ್ತು. ಮತ್ತೆ ಆ ಐದು ಗಡಿಯಾರ, ಟಿಕ್ ಟಿಕ್ ಟಿಕ್, ಒಂದರ ಮೇಲೊಂದು. ಸ್ಟೂಲ್ ಹಾಕಿ ಹತ್ತಿ ನಾಲ್ಕನ್ನು ಇಳಿಸಿಬಿಟ್ಟೆ. ಗೋಡೆಯ ಮೇಲೆ ನಾಲ್ಕು ಬಿಳಿ ದುಂಡು ಗುರುತು ಉಳಿದವು. ಇನ್ನೂ ಇವೆ, ಸುಣ್ಣ ಹೊಡೆಸಿಲ್ಲ. ಅಲ್ಲಿಂದ ಒಂದು ಹುಚ್ಚು ಹತ್ತಿತು ನೋಡಿ. ಶೋಕೇಸಿನ ಪ್ಲಾಸ್ಟಿಕ್ ಹೂವು ಹೋಯಿತು. ಯಾರೂ ಕುಡಿಯದ ಹದಿನೆಂಟು ಕಪ್ಪು ಹೋದವು. ಕಿನ್ನಾಳದ ಒಂದು ಮರದ ಗಿಳಿ ಮಾತ್ರ ಇಟ್ಟುಕೊಂಡೆ. ಒಂದೇ ಇದ್ದಾಗ ಅದರ ಬಣ್ಣ ಕಾಣುತ್ತದೆ.

ಮಾತು ಬೆಳ್ಳಿ, ಮೌನ ಬಂಗಾರ ಅಂತ ಗಾದೆ ಇದೆ. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿ ಗಣಿಯವರಿಗೆ ಬಂಗಾರ ಹೇಗೆ ಬರುತ್ತದೆ ಅಂತ ಗೊತ್ತು. ನೆಲದ ಆಳಕ್ಕೆ ಇಳಿದು ಬಂಡೆ ಸಿಡಿಸಿ, ಟನ್‌ಗಟ್ಟಲೆ ಕಲ್ಲು ಅರೆದರೆ ಟನ್ನಿಗೆ ಕೆಲವೇ ಗ್ರಾಂ. ಗಾದೆ ಕಟ್ಟಿದವರು ಈ ಕಲ್ಲಿನ ಭಾಗ ಹೇಳಲಿಲ್ಲ. ಯಾಕೆ ಹೇಳುತ್ತೇನೆ ಅಂದರೆ, ಆ ಮಧ್ಯಾಹ್ನ ಮನೆ ಸುಮ್ಮನಾದ ಮೇಲೆ ನನಗೆ ನೆಮ್ಮದಿ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ನಾದಿನಿ. ಅಂದರೆ ಅವಳಲ್ಲ, ಇಪ್ಪತ್ತೆರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ನನ್ನ ಸೀರೆ ನೋಡಿ ಅವಳು ಅಂದ ಮಾತು. ಅದರ ಹಿಂದೆ ನಾನು ಒಬ್ಬ ಹುಡುಗನಿಗೆ ತಪ್ಪು ತಿಳಿದು ಹೊಡೆದದ್ದು. ಅದರ ಹಿಂದೆ ಅವ್ವ ಆಸ್ಪತ್ರೆಯಲ್ಲಿದ್ದಾಗ ನಾನು ಎರಡು ದಿನ ತಡವಾಗಿ ಹೋದದ್ದು. ಸಾಲ ಕೊಟ್ಟವರು ಸುಗ್ಗಿಯ ಸುದ್ದಿ ಕೇಳಿ ಬಾಗಿಲಿಗೆ ಬಂದು ನಿಂತ ಹಾಗೆ, ಎಲ್ಲ ಸಾಲಾಗಿ ಬಂದವು. ಕೈ ತಾನೇ ಫೋನಿನ ಕಡೆ ಹೋಯಿತು. ಅದರಲ್ಲೂ ಚಾರ್ಜ್ ಇರಲಿಲ್ಲ.

ಹನ್ನೊಂದು ದಿನ ಹೀಗೇ. ನಾದಿನಿಯ ಮಾತು ನಾಲ್ಕನೇ ದಿನಕ್ಕೆ ಬರುವುದು ಬಿಟ್ಟಿತು. ಆ ಹುಡುಗ ಇನ್ನೂ ಬರುತ್ತಾನೆ. ಅವ್ವ ಬರುತ್ತಾಳೆ, ಆದರೆ ಆಸ್ಪತ್ರೆಯ ಮಂಚದ ಮೇಲಲ್ಲ, ಬೆಳಕಿಂಡಿಯ ಕೆಳಗೆ.

ಒಬ್ಬರೇ ಕೂತರೆ ಮಾತ್ರ ಮೌನ ಅಂತ ನಾನು ಹೇಳಲ್ಲ. ಜನವರಿಯಲ್ಲಿ ಗವಿಮಠದ ಜಾತ್ರೆ ಬಂದರೆ ನಮ್ಮ ಮನೆ ತುಂಬ ಬೀಗರು. ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ರೊಟ್ಟಿ, ಮಾದಲಿ ಟ್ರ್ಯಾಕ್ಟರ್‌ಗಳಲ್ಲಿ ಬರುತ್ತವೆ, ನಮ್ಮ ಓಣಿಯಿಂದಲೂ ಹೋಗುತ್ತವೆ. ಬೆಳಗಿನ ಜಾವ ನಾಲ್ಕಕ್ಕೆ ನಾವು ಮೂರು ಜನ ಹೆಣ್ಣುಮಕ್ಕಳು ರೊಟ್ಟಿಗೆ ಕೂರುತ್ತೇವೆ. ಒಬ್ಬಳು ಹಿಟ್ಟು ನಾದುತ್ತಾಳೆ, ಒಬ್ಬಳು ತಟ್ಟುತ್ತಾಳೆ, ಒಬ್ಬಳು ಹಂಚಿನ ಮೇಲೆ ನೀರು ಸವರಿ ತಿರುವಿ ಹಾಕುತ್ತಾಳೆ. ಮಾತಾಡಿದರೆ ರೊಟ್ಟಿಯ ಅಂಚು ಸೀಳುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಅದು ಸುಳ್ಳು, ನಾನು ಮಾತಾಡಿ ನೋಡಿದ್ದೇನೆ, ಸೀಳಲ್ಲ. ಆದರೂ ನಾವು ಮೂವರೂ ಆ ಎರಡು ತಾಸು ಮಾತಾಡುವುದಿಲ್ಲ. ಪಟ ಪಟ ತಟ್ಟುವ ಸದ್ದು ಮಾತ್ರ. ಹೊರಗೆ ಧ್ವನಿವರ್ಧಕ ಶುರುವಾಗುವವರೆಗೂ ಅದು ನಮ್ಮ ಹೊತ್ತು.

ಇನ್ವರ್ಟರ್ ಬಂದ ಮೇಲೆ ಏನಾಯಿತು? ಮಧ್ಯಾಹ್ನ ಮೂರಕ್ಕೆ ಎಲ್ಲ ಆರಿಸಿ ಅರ್ಧ ಗಂಟೆ ಕೂರುತ್ತೇನೆ ಅಂತ ಮನೆಯಲ್ಲಿ ಹೇಳಿದೆ. ಮೊದಲ ದಿನ ಯಜಮಾನರು ಎರಡು ಸಲ ಬಂದು ನೋಡಿದರು. "ತಲಿ ನೋಯ್ತೈತೇನು? ಗುಳಿಗಿ ಕೊಡ್ಲೇನು?" ಮರುದಿನ ಪಕ್ಕದ ಮನೆಯವರು, "ಟೀಚರ್ ಯಾಕೋ ಈಗೀಗ ಮಂಕಾಗ್ಯಾರ" ಅಂದರಂತೆ. ಮಗ ಡಾಕ್ಟರಿಗೆ ತೋರಿಸೋಣ ಅಂದ. 31 ವರ್ಷ ಕೂಗಿದವಳು ಸುಮ್ಮನಾದರೆ ಗಾಬರಿ ಆಗೋದು ಸಹಜ ಬಿಡಿ. ಅವರದು ಪ್ರೀತಿಯೇ. ಆದರೆ ಪ್ರೀತಿಗೂ ಸದ್ದು ಜಾಸ್ತಿ.

ಐದನೇ ದಿನ ಅಟ್ಟದ ಮೇಲಿಂದ ಅವ್ವನ ಮರ ಇಳಿಸಿದೆ. ಡಬ್ಬಿಯಿಂದ ಒಂದು ಸೇರು ಜೋಳ ಹಾಕಿಕೊಂಡೆ. ಈಗಿನ ಜೋಳ ಮಷಿನ್‌ನಲ್ಲಿ ಹಸನಾಗಿಯೇ ಬರುತ್ತದೆ. ಹೊಟ್ಟಿಲ್ಲ, ಹರಳಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತು ಬೆರಳಾಡಿಸತೊಡಗಿದೆ. ಯಜಮಾನರು ಬಂದರು, ನೋಡಿದರು, "ಓ, ಕೆಲಸದಾಗ ಇದ್ದೀಯೇನು" ಅಂತ ಒಳಗೆ ಹೋದರು. ಅವತ್ತಿನಿಂದ ಯಾರೂ ಗುಳಿಗೆ ತಂದಿಲ್ಲ.

ನಮ್ಮ ಸೊಸೆ ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಾಳೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಮೀಟಿಂಗ್. ಹೋದ ತಿಂಗಳು ಒಂದು ಮಧ್ಯಾಹ್ನ ರೂಮಿನಿಂದ ಹೊರಗೆ ಬಂದಳು. ಮುಖ ಬಾಡಿತ್ತು. ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು. ಒಂದು ಮುಷ್ಟಿ ಜೋಳ ತನ್ನ ಕಡೆ ಎಳೆದುಕೊಂಡು, ಸ್ವಲ್ಪ ಹೊತ್ತು ಹುಡುಕಿದಳು.

"ಅತ್ತೀ, ಇದರಾಗ ಹರಳೇ ಇಲ್ಲಲ್ಲ."

"ಸುಮ್ನಿರು" ಅಂದೆ.

ನನ್ನ ಮುಖ ನೋಡಿದಳು. ಮತ್ತೆ ತಲೆ ಬಗ್ಗಿಸಿದಳು. ಅವಳ ಫೋನ್ ಒಳಗೆ ಎರಡು ಸಲ ಬಾರಿಸಿ ನಿಂತಿತು. ಏಳುವಾಗ ಒಂದೇ ಮಾತು ಹೇಳಿದಳು. "ಸಂತಿಗೆ ಹೋದಾಗ ನನಗೂ ಒಂದು ಮರ ತರ್ರಿ, ಅತ್ತೀ. ಇದು ಇಬ್ಬರಿಗೆ ಸಾಲೂದಿಲ್ಲ."

ತಂದಿದ್ದೇನೆ. ಹೊಸ ಮರ ಹಾಗೇ ಬಳಸೋಕಾಗಲ್ಲ, ಸಂದಿನಲ್ಲಿ ಕಾಳು ಸೋರುತ್ತದೆ. ಮೆಂತ್ಯ ನೆನೆಸಿ, ಹಳೇ ಕಾಗದದ ಜೊತೆ ರುಬ್ಬಿ, ಎರಡೂ ಕಡೆ ಸಾರಿಸಿದ್ದೇವೆ. ಬೆಳಿಗ್ಗೆ ನಾನು ಇಲ್ಲಿಗೆ ಹೊರಟಾಗ ಅದು ಮಾಳಿಗೆಯ ಮೇಲೆ ಬಿಸಿಲಲ್ಲಿತ್ತು. ಪೂರಾ ಒಣಗೋದಕ್ಕೆ ಇನ್ನೊಂದು ದಿನ ಬೇಕು.

ನಮಸ್ಕಾರ.