ಪಟ್ಟಿಯಲ್ಲಿ ಹೆಸರು ಸರಿಯಾಗಿ ನಿಲ್ಲಲಿ

ಎಲ್ಲರಿಗೂ ನಮಸ್ಕಾರ.

ಸಹಕಾರ ಸಂಘದ ಸದಸ್ಯರ ಪಟ್ಟಿ, ಕಾಫಿ ಬೆಳೆಗಾರರ ಪಟ್ಟಿ, ಹಾಕಿ ಹಬ್ಬದ ತಂಡಗಳ ಪಟ್ಟಿ, ಹೀಗೆ ಕೊಡಗಿನಲ್ಲಿ ಏನನ್ನಾದರೂ ಕಂಪ್ಯೂಟರಿನಲ್ಲಿ ಬರೆದಿಡುವವರೇ ಇಲ್ಲಿ ಸೇರಿದ್ದೀರಿ. ನಾಲ್ಕು ಕೈ ಸೇರಿ ಟೈಪ್ ಮಾಡಿದ ಇಂಗ್ಲಿಷ್ ಪಟ್ಟಿಯಲ್ಲಿ ಒಂದು ಹೆಸರು ಪೂರ್ತಿ ಕ್ಯಾಪಿಟಲ್, ಇನ್ನೊಂದು ಪೂರ್ತಿ ಸ್ಮಾಲ್. ಕನ್ನಡ ಲಿಪಿಯಲ್ಲಿ ಈ ಭೇದವೇ ಇಲ್ಲ, ಹಾಗಾಗಿ ಇಂಗ್ಲಿಷ್ ಪಟ್ಟಿಯನ್ನು ಸರಿಪಡಿಸಲು ಈಗ ಹೇಳುವ ಫಾರ್ಮುಲಾಗಳು ಕನ್ನಡ ಅಕ್ಷರವನ್ನು ಮುಟ್ಟುವುದಿಲ್ಲ.

ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಮೂರರಲ್ಲೂ ಅವೇ ಮೂರು ಫಾರ್ಮುಲಾಗಳಿವೆ: ಅಪ್ಪರ್ (UPPER), ಲೋವರ್ (LOWER), ಪ್ರಾಪರ್ (PROPER). ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ; ಎ2 ಎಂದರೆ ಎ ಕಾಲಂನ ಎರಡನೆಯ ಸಾಲು. =ಅಪ್ಪರ್(ಎ2) ಎಲ್ಲವನ್ನೂ ಕ್ಯಾಪಿಟಲ್ ಮಾಡುತ್ತದೆ, =ಲೋವರ್(ಎ2) ಎಲ್ಲವನ್ನೂ ಸ್ಮಾಲ್ ಮಾಡುತ್ತದೆ. ಇಮೇಲ್ ಕಾಲಂಗೆ ಲೋವರ್ ಸಾಕು. =ಪ್ರಾಪರ್(ಎ2) ಪ್ರತಿ ಪದದ ಮೊದಲ ಅಕ್ಷರವನ್ನಷ್ಟೇ ಕ್ಯಾಪಿಟಲ್ ಮಾಡಿ ಉಳಿದವನ್ನು ಸ್ಮಾಲ್ ಮಾಡುತ್ತದೆ.

ಹೆಸರಿಗೆ ಪ್ರಾಪರ್ ಸಾಕು ಅನ್ನಿಸುತ್ತದೆ. ಆದರೆ ನಮ್ಮ ಹೆಸರುಗಳಿಗೆ ಸಾಲದು. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಹೆಸರನ್ನೇ ನೋಡಿ: 'ಕೆ' ಎಂದರೆ ಒಕ್ಕದ, ಅಂದರೆ ಮನೆತನದ ಹೆಸರು ಕೊಡಂದೇರ, 'ಎಂ' ಎಂದರೆ ತಂದೆ ಮಾದಪ್ಪ. ಎರಡು ಇನಿಷಿಯಲ್‌ಗಳ ನಡುವೆ ಚುಕ್ಕಿ ಅಥವಾ ಜಾಗ ಇದ್ದರೆ ಪ್ರಾಪರ್ ಎರಡನ್ನೂ ಕ್ಯಾಪಿಟಲ್ಲಾಗಿ ಬಿಡುತ್ತದೆ. ಅಂಟಿಸಿ ಬರೆದಿದ್ದರೆ ಅದನ್ನೇ ಒಂದು ಪದವೆಂದು ತಿಳಿದು 'ಎಂ' ಅನ್ನು ಸ್ಮಾಲ್ ಮಾಡುತ್ತದೆ. ಓದುವವರಿಗೆ ಅದು ಕಿಲೋಮೀಟರ್! ಒಕ್ಕದ ಗುರುತನ್ನೇ ಹೊತ್ತ ಅಕ್ಷರಗಳು ಹೀಗೆ ಕೆಡಬಾರದು. ಆದ್ದರಿಂದ ಇನಿಷಿಯಲ್ ಎ ಕಾಲಂನಲ್ಲಿ, ಹೆಸರು ಬಿ ಕಾಲಂನಲ್ಲಿ ಇರಲಿ. ಆಮೇಲೆ ಕೂಡಿಸಿ: =ಅಪ್ಪರ್(ಎ2)&" "&ಪ್ರಾಪರ್(ಬಿ2).

ಕಾಫಿ ಲೆಕ್ಕದಲ್ಲೂ ಇದೇ ಎಚ್ಚರ ಬೇಕು. ಅರೇಬಿಕಾ ಪಾರ್ಚ್‌ಮೆಂಟಿಗೆ ಎಪಿ, ರೊಬಸ್ಟಾ ಚೆರಿಗೆ ಆರ್‌ಸಿ ಎಂದು ಬರೆಯುವ ಕಾಲಂಗೆ ಪ್ರಾಪರ್ ಹಾಕಿದರೆ ಎರಡನೆಯ ಅಕ್ಷರ ಕುಗ್ಗುತ್ತದೆ. ಅಲ್ಲಿ ಅಪ್ಪರ್ ಹಾಕಿ. ಅಪಾಸ್ಟ್ರಫಿಯ ನಂತರದ ಅಕ್ಷರವನ್ನೂ ಪ್ರಾಪರ್ ಹೊಸ ಪದದ ಆರಂಭವೆಂದೇ ಎಣಿಸುತ್ತದೆ. ಮಡಿಕೇರಿಯ ಸೇಂಟ್ ಮೈಕಲ್ಸ್ ಚರ್ಚಿನ ಹೆಸರಲ್ಲಿ ಕೊನೆಯ 'ಎಸ್' ದೊಡ್ಡದಾಗಿ ನಿಲ್ಲುವುದು ಅದಕ್ಕೇ. ಅಂಥವನ್ನು ಕಣ್ಣಲ್ಲಿ ನೋಡಿ ಕೈಯಲ್ಲೇ ತಿದ್ದಬೇಕು.

ಲೆಕ್ಕ ತಪ್ಪಿದಾಗ ಹಲವರು ಅಕ್ಷರವನ್ನು ದೂರುತ್ತಾರೆ. ಎಣಿಸುವ ಕೌಂಟ್‌ಇಫ್ (COUNTIF), ಹುಡುಕುವ ವಿಲುಕಪ್ (VLOOKUP) ಎರಡೂ ಕ್ಯಾಪಿಟಲ್-ಸ್ಮಾಲ್ ಭೇದ ನೋಡುವುದಿಲ್ಲ. ವಿರಾಜಪೇಟೆಯನ್ನು ಹೇಗೆ ಬರೆದರೂ ಒಂದೇ ಎಂದು ಎಣಿಸುತ್ತವೆ. ಎಣಿಕೆ ಕೆಡಿಸುವುದು ಹೆಸರಿನ ಕೊನೆಗೆ ಉಳಿದ ಕಾಣದ ಜಾಗ. ಜಾಗ ತೆಗೆಯುವ ಟ್ರಿಮ್ (TRIM) ಸೇರಿಸಿ =ಪ್ರಾಪರ್(ಟ್ರಿಮ್(ಬಿ2)) ಎಂದು ಬರೆದರೆ ಅದೂ ಹೋಗುತ್ತದೆ.

ಕೊನೆಯ ಹೆಜ್ಜೆಯಲ್ಲಿ ಅವಸರ ಬೇಡ. ಹೊಸ ಕಾಲಂ ಹಳೆಯದನ್ನು ನೋಡಿಕೊಂಡೇ ಬದುಕಿರುತ್ತದೆ; ಹಳೆಯದನ್ನು ಅಳಿಸಿದರೆ ಉದ್ದಕ್ಕೂ ಎರರ್ ಬರುತ್ತದೆ. ಮೊದಲು ಹೊಸ ಕಾಲಂ ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ 'ವ್ಯಾಲ್ಯೂಸ್' ಆರಿಸಿ ಅಲ್ಲೇ ಅಂಟಿಸಿ, ನಂತರ ಹಳೆಯದನ್ನು ತೆಗೆಯಿರಿ. ಈಗ ನೀವು ತಂದ ಪಟ್ಟಿಗಳನ್ನು ತೆರೆಯಿರಿ, ಇನಿಷಿಯಲ್ ಕಾಲಂನಿಂದ ಶುರು ಮಾಡೋಣ.