ಆರು ಗಂಟೆ ಟೈಮ್ ಇದೆಯಾ? ಜೋಗ ಬೇಡ, ಹೊಳೆ ಹಿಡಿಯಿರಿ

ಎಲ್ಲರಿಗೂ ನಮಸ್ಕಾರ. ಇವತ್ತು ನನ್ನದೊಂದು ಜಗಳ ಇದೆ. ಅದೂ ನಮ್ಮ ಶಿವಮೊಗ್ಗದವರ ಜೊತೆಗೇ.

ಹೊರಗಿನವರು ಯಾರಾದರೂ ಬಸ್ ಸ್ಟ್ಯಾಂಡಲ್ಲಿ ನಿಂತು, "ನಮ್ಮ ಮುಂದಿನ ಗಾಡಿಗೆ ಇನ್ನೂ ಆರು ಗಂಟೆ ಇದೆ, ಇಲ್ಲಿ ನೋಡೋಕೆ ಏನಿದೆ?" ಅಂತ ಕೇಳಿದರೆ ನಾವು ಏನು ಹೇಳುತ್ತೇವೆ? "ಇಲ್ಲೇನಿದೆ ಮಾರಾಯ್ರೇ, ಜೋಗಕ್ಕೆ ಹೋಗಿ" ಅನ್ನುತ್ತೇವೆ. ಹತ್ತು ಜನರನ್ನು ಕೇಳಿದರೆ ಒಂಬತ್ತು ಜನರ ಬಾಯಲ್ಲಿ ಇದೇ ಉತ್ತರ. ಈ ಮಾತನ್ನು ನಾವು ಬಿಡಬೇಕು. ಇದು ತಪ್ಪು ಸಲಹೆ, ಜೊತೆಗೆ ನಮ್ಮೂರಿಗೆ ನಾವೇ ಮಾಡುವ ಅನ್ಯಾಯ.

ಲೆಕ್ಕ ಹಾಕಿ ನೋಡಿ. ಇಲ್ಲಿಂದ ಜೋಗ ಹೆಚ್ಚುಕಡಿಮೆ 100 ಕಿಲೋಮೀಟರ್. ಕಾರಲ್ಲಿ ಹೋದರೂ ಎರಡೂವರೆ ಗಂಟೆ ಬೇಕು, ಬರೋದಕ್ಕೂ ಅಷ್ಟೇ. ಅಲ್ಲಿಗೆ ಐದು ಗಂಟೆ ಹೋಯಿತು. ಉಳಿದ ಒಂದು ಗಂಟೆಯಲ್ಲಿ ಗಾಡಿ ನಿಲ್ಲಿಸಬೇಕು, ನೋಡಬೇಕು, ಮತ್ತೆ ಓಡಬೇಕು. ಬೇಸಿಗೆಯಲ್ಲಾದರೆ ಇನ್ನೂ ಕಷ್ಟ. ಶರಾವತಿಯ ನೀರೆಲ್ಲ ಮೇಲಿನ ಲಿಂಗನಮಕ್ಕಿ ಡ್ಯಾಮಿನಲ್ಲಿ ಕರೆಂಟಿಗಾಗಿ ನಿಂತಿರುತ್ತದೆ, ಬಂಡೆಯ ಮೇಲೆ ಒಂದೆರಡು ಎಳೆ ನೀರು ಅಷ್ಟೇ. ಜೋಗ ದೊಡ್ಡದು, ಅದಕ್ಕೆ ಒಂದು ದಿನ ಕೊಡಿ, ಮಳೆಗಾಲದಲ್ಲಿ ಕೊಡಿ. ಆರು ಗಂಟೆಯವರ ಜಾಗ ಅದಲ್ಲ.

ಇಷ್ಟು ಹಟ ಹಿಡಿದು ಹೇಳೋದಕ್ಕೆ ಒಂದು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ವಿಜಯಪುರದ ರೈಲು ನಿಲ್ದಾಣದಲ್ಲಿ ನಾನು ಏಳು ಗಂಟೆ ಕಾದಿದ್ದೆ. ಗೋಳಗುಮ್ಮಟದ ನೆತ್ತಿ ರೈಲಿನ ಕಿಟಕಿಯಿಂದಲೇ ಕಂಡಿತ್ತು. ಆಟೋ ಹಿಡಿದರೆ ಹತ್ತು ನಿಮಿಷದ ದಾರಿ. ಆದರೂ ಬ್ಯಾಗ್ ಇದೆ, ಬಿಸಿಲಿದೆ, ಊರು ಗೊತ್ತಿಲ್ಲ ಅಂತ ಪ್ಲಾಟ್‌ಫಾರಂ ಬೆಂಚಿನ ಮೇಲೇ ಕೂತೆ. 1656ರಿಂದ ಹಾಗೇ ನಿಂತಿರುವ ಗುಮ್ಮಟ ಅದು, ಮಧ್ಯೆ ಒಂದೇ ಒಂದು ಕಂಬವಿಲ್ಲ. ಒಳಗೆ ಹೋಗಿ ಒಂದು ಸಲ ಕೂಗಿದ್ದರೆ ನನ್ನ ದನಿ ನನಗೇ ಎಷ್ಟೋ ಸಲ ವಾಪಸ್ ಕೇಳುತ್ತಿತ್ತು. ಅದಾದ ಮೇಲೆ ಆ ಕಡೆ ನಾನು ಹೋಗಿಯೇ ಇಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ.

ಹಾಗಾದರೆ ಶಿವಮೊಗ್ಗದಲ್ಲಿ ಏನು ಮಾಡಬೇಕು? ನನ್ನ ಉತ್ತರ ಒಂದೇ, ಹೊಳೆ ಹಿಡಿಯಿರಿ. ಈ ಊರಿನಲ್ಲಿ ನೋಡಬೇಕಾದ್ದೆಲ್ಲ ತುಂಗಾ ಹೊಳೆಯ ಉದ್ದಕ್ಕೂ ಇದೆ. ಮಂಡಗದ್ದೆ, ಸಕ್ರೆಬೈಲು, ಗಾಜನೂರು, ಮತ್ತೂರು, ಹೊಸಹಳ್ಳಿ, ಊರೊಳಗಿನ ಅರಮನೆ, ಆಮೇಲೆ ಕೂಡ್ಲಿ. ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಬೆಳಗ್ಗೆ ಬಂದಿಳಿದವರು ಹೊಳೆಯ ಮೇಲಕ್ಕೆ ಹೋಗಿ, ಮಧ್ಯಾಹ್ನ ಬಂದವರು ಕೆಳಕ್ಕೆ ಹೋಗಿ. ಎರಡೂ ಮಾಡೋಕೆ ಹೋಗಬೇಡಿ. ಅರ್ಧ ದಿನಕ್ಕೆ ಒಂದೇ ಜಾಗ ಸಾಕು.

ಮೊದಲು ಬೆಳಗಿನವರಿಗೆ ಹೇಳುತ್ತೇನೆ. ತಾಳಗುಪ್ಪದ ರಾತ್ರಿ ರೈಲಲ್ಲಿ ಬಂದು ಇನ್ನೂ ಕತ್ತಲಿರುವಾಗಲೇ ಇಲ್ಲಿ ಇಳಿಯುವವರು ತುಂಬಾ ಜನ. ಮುಖ ತೊಳೆದುಕೊಳ್ಳಿ, ನಿಧಾನವಾಗಿ ತಿಂಡಿ ಮಾಡಿ, ಕಾಫಿ ಕುಡಿಯಿರಿ. ಆಮೇಲೆ ಪ್ರೈವೇಟ್ ಬಸ್ ಸ್ಟ್ಯಾಂಡಿಗೆ ಹೋಗಿ ತೀರ್ಥಹಳ್ಳಿ ಬಸ್ಸು ಹತ್ತಿ. ಅದು ಕೆಎಸ್‌ಆರ್‌ಟಿಸಿ ನಿಲ್ದಾಣದ ಪಕ್ಕದಲ್ಲೇ ಇದೆ. ಒಂದು ಮಾತು, ಮಲೆನಾಡಿನ ಒಳಗೆ ಓಡೋದು ಜಾಸ್ತಿ ಪ್ರೈವೇಟ್ ಬಸ್ಸುಗಳೇ, ಅವುಗಳಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ನಡೆಯುವುದಿಲ್ಲ. ಅಕ್ಕಂದಿರು, ಅಮ್ಮಂದಿರು ಚಿಲ್ಲರೆ ಇಟ್ಟುಕೊಂಡಿರಿ. ಸುಮಾರು 14 ಕಿಲೋಮೀಟರ್ ಹೋದರೆ ಸಕ್ರೆಬೈಲು ಆನೆ ಬಿಡಾರ. ರಸ್ತೆ ಪಕ್ಕದಲ್ಲೇ ಇಳಿಸುತ್ತಾರೆ.

ಇಲ್ಲಿ ಟೈಮ್ ಮುಖ್ಯ. ಆನೆಗಳು ಸಿಗೋದು ಬೆಳಗ್ಗೆ ಮಾತ್ರ. ಎಂಟೂವರೆ, ಒಂಬತ್ತರ ಹೊತ್ತಿಗೆ ಅಲ್ಲಿರಿ. ರಾತ್ರಿಯೆಲ್ಲ ಕಾಡಿನಲ್ಲಿ ಮೇಯೋಕೆ ಬಿಟ್ಟ ಆನೆಗಳನ್ನು ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಬೆಳಗ್ಗೆ ಹುಡುಕಿಕೊಂಡು ಹೋಗಿ ಕರೆತರುತ್ತಾರೆ. ಕಾಲಿನ ಸರಪಳಿ ಎಳೆದುಕೊಂಡು ಹೋದ ಗುರುತೇ ಅವರಿಗೆ ದಾರಿ. ಆಮೇಲೆ ಗಾಜನೂರು ಡ್ಯಾಮಿನ ಹಿನ್ನೀರಿನಲ್ಲಿ ಸ್ನಾನ. ಆನೆ ಮಗ್ಗುಲಾಗಿ ನೀರಲ್ಲಿ ಮಲಗುತ್ತದೆ, ಸೊಂಡಿಲಿನ ತುದಿ ಮಾತ್ರ ಮೇಲೆ, ಉಸಿರಾಡೋದಕ್ಕೆ. ಮಾವುತ ಅದರ ಹೊಟ್ಟೆಯ ಮೇಲೆ ಹತ್ತಿ ಕೂತು ಉಜ್ಜುತ್ತಾನೆ. ಕಿವಿಯ ಹಿಂದೆ ಉಜ್ಜುವಾಗ ಆನೆ ಕಣ್ಣು ಅರ್ಧ ಮುಚ್ಚುತ್ತದೆ. ಅದನ್ನು ಹತ್ತಿರದಿಂದ ನೋಡಬೇಕು ನೀವು. ಉಜ್ಜಿದ ಕಡೆ ಚರ್ಮ ಕಪ್ಪಗೆ ಹೊಳೆಯುತ್ತದೆ, ಉಜ್ಜದ ಕಡೆ ಇನ್ನೂ ಮಣ್ಣಿನ ಬಣ್ಣ, ಮಧ್ಯೆ ಗೆರೆ ಎಳೆದ ಹಾಗೆ ಕಾಣುತ್ತದೆ. ಆಮೇಲೆ ಕುಸುರೆ ಕೊಡುತ್ತಾರೆ. ಭತ್ತದ ಹುಲ್ಲಿನೊಳಗೆ ಭತ್ತ, ಬೆಲ್ಲ, ಕಾಯಿ ಇಟ್ಟು ಕಟ್ಟಿದ ಉಂಡೆ ಅದು. ಹನ್ನೊಂದು ದಾಟಿದ ಮೇಲೆ ಹೋದರೆ ಖಾಲಿ ದಡ ನೋಡಿಕೊಂಡು ಬರಬೇಕಾಗುತ್ತದೆ.

ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ಹೊಳೆ ಮಧ್ಯದ ಗಿಡಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಬೇರೆ ಕಾಲದಲ್ಲಿ ಅಷ್ಟು ದೂರ ಹೋಗಬೇಡಿ.

ಮತ್ತೂರು, ಹೊಸಹಳ್ಳಿ ಬಗ್ಗೆಯೂ ಕೇಳುತ್ತಾರೆ. ಹೊಳೆಯ ಆ ದಡ ಈ ದಡದ ಹಳ್ಳಿಗಳು. ಮತ್ತೂರು ಸಂಸ್ಕೃತ ಮಾತಾಡುವ ಊರು ಅಂತ ಎಲ್ಲರಿಗೂ ಗೊತ್ತು. ಹೊಸಹಳ್ಳಿ ಗಮಕದ ಊರು, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯ ಊರು, ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಆದರೆ ಅವು ಜನ ವಾಸ ಮಾಡುವ ಊರುಗಳು. ಕಂಡಕಂಡವರ ಮುಖಕ್ಕೆ ಫೋನ್ ಹಿಡಿದು "ಸಂಸ್ಕೃತದಲ್ಲಿ ಏನಾದರೂ ಮಾತಾಡಿ" ಅಂತ ಕೇಳೋದು ನನಗೆ ಸರಿ ಅನ್ನಿಸುವುದಿಲ್ಲ. ಗುರುತಿನವರಿದ್ದರೆ ಹೋಗಿ.

ಇನ್ನು ಮಧ್ಯಾಹ್ನದವರು. ಶೃಂಗೇರಿ, ಹೊರನಾಡು, ಉಡುಪಿ ಕಡೆಯಿಂದ ಬಸ್ಸಲ್ಲಿ ಬಂದು ಬೆಂಗಳೂರಿನ ರಾತ್ರಿ ರೈಲಿಗೆ ಕಾಯುವವರು. ನಮ್ಮಲ್ಲಿ ಅತಿ ಹೆಚ್ಚು ಹೊತ್ತು ಸುಮ್ನೆ ಕೂರುವವರು ಇವರೇ.

ಹೋದ ವರ್ಷ ಮಳೆ ನಿಂತ ಮೇಲೆ ಒಂದು ದಿನ, ಅಕ್ಕನನ್ನು ಬಸ್ಸು ಹತ್ತಿಸೋಕೆ ಹೋಗಿದ್ದೆ. ವಯಸ್ಸಾದ ಗಂಡ ಹೆಂಡತಿ ಒಂದು ಬೆಂಚಿನ ಮೇಲೆ ಕೂತಿದ್ದರು, ಮುಂದೆ ಎರಡು ಬ್ಯಾಗು. ಸಂಜೆ ಬೇರೆ ಕೆಲಸಕ್ಕೆ ಮತ್ತೆ ಅಲ್ಲಿಗೇ ಹೋದೆ. ಅದೇ ಬೆಂಚು, ಅದೇ ಇಬ್ಬರು. ಸುಮ್ಮನಿರೋಕೆ ಆಗಲಿಲ್ಲ.

"ಅಜ್ಜಿ, ಎಲ್ಲಿಗೆ ಹೋಗಬೇಕು?"

"ತುಮಕೂರಪ್ಪ. ರಾತ್ರಿ ರೈಲು. ಶೃಂಗೇರಿಗೆ ಹೋಗಿದ್ವಿ."

"ಮಧ್ಯಾಹ್ನದಿಂದ ಇಲ್ಲೇ ಇದ್ದೀರಲ್ಲ, ಎಲ್ಲೂ ಹೋಗಲಿಲ್ವಾ?"

"ಕೇಳಿದ್ವಿ ಕಣಪ್ಪ. ಊರಲ್ಲಿ ಏನೂ ಇಲ್ಲ, ಜೋಗ ದೂರ ಆಗುತ್ತೆ ಅಂದ್ರು."

ಹೊಳೆ ಅಲ್ಲಿಂದ ನಡೆದು ಹೋಗುವಷ್ಟು ದೂರ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಗುರುತಿನ ಅಂಗಡಿಯಲ್ಲಿ ಬ್ಯಾಗು ಇಡಿಸಿ, ಆಟೋದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ನೀರಿನ ಪಕ್ಕ ಒಂದು ಕಲ್ಲಿನ ಮಂಟಪ ಇದೆ. ಮಳೆಗಾಲದಲ್ಲಿ ಊರಿಡೀ ಕೇಳೋದು ಒಂದೇ ಪ್ರಶ್ನೆ, "ಮಂಟಪ ಮುಳುಗಿತಾ?" ಮುಳುಗಿತು ಅಂದರೆ ತುಂಗೆ ತುಂಬಿದಳು ಅಂತ ಲೆಕ್ಕ, ಜನ ಸಾಲಾಗಿ ನೋಡೋಕೆ ಬರುತ್ತಾರೆ. ಇದನ್ನೆಲ್ಲ ಹೇಳುತ್ತಿದ್ದರೆ ಅಜ್ಜ ಪೂರ್ತಿ ಕೇಳಿಸಿಕೊಂಡು, ಈ ವರ್ಷ ಎಷ್ಟು ಸಲ ಮುಳುಗಿತು ಅಂತ ಕೇಳಿದರು. ಅಜ್ಜಿ ಕಾಲು ಒದ್ದೆ ಮಾಡಿಕೊಂಡು "ಗಂಗಾ ಸ್ನಾನ, ತುಂಗಾ ಪಾನ" ಅಂದರು. ಕುಡಿಯೋದು ಬೇಡ ಅಜ್ಜಿ, ಊರಿನ ಕೊಳೆ ಸೇರುತ್ತದೆ ಅಂತ ಹೇಳುವಾಗ ನನಗೆ ನಿಜವಾಗಿ ನಾಚಿಕೆಯಾಯಿತು.

ಅವರು ಮಧ್ಯಾಹ್ನವೇ ಸಿಕ್ಕಿದ್ದರೆ ಶಿವಪ್ಪನಾಯಕನ ಅರಮನೆಗೆ ಕಳಿಸುತ್ತಿದ್ದೆ. ಅದೂ ಹೊಳೆ ಬದಿಯಲ್ಲೇ, ಊರೊಳಗೇ ಇದೆ. ದಪ್ಪ ಮರದ ಕಂಬಗಳ ದರ್ಬಾರ್ ಹಾಲ್ ಚೆನ್ನಾಗಿದೆ, ಆದರೆ ನನಗೆ ಇಷ್ಟ ಹೊರಗಿನ ತೋಟ. ಅಲ್ಲಿ ಸುತ್ತಮುತ್ತಲಿನ ಊರುಗಳಿಂದ ತಂದಿಟ್ಟ ಕಲ್ಲುಗಳಿವೆ. ಒಂದು ವೀರಗಲ್ಲಿನ ಮುಂದೆ ಕೂತು ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗೆ ಕಾಳಗ. ಮಧ್ಯದಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ, ಪಕ್ಕದಲ್ಲಿ ಸೂರ್ಯ, ಚಂದ್ರ. ಹೆಸರೂ ಉಳಿಯದ ಒಬ್ಬ ಮನುಷ್ಯನ ಇಡೀ ಕತೆ ಮೂರು ಚೌಕದಲ್ಲಿದೆ. ಓದೋಕೆ ಐದು ನಿಮಿಷ ಸಾಕು, ಮರೆಯೋಕೆ ಆಗಲ್ಲ.

ನಾಲ್ಕು ಗಂಟೆ ಕೈಯಲ್ಲಿದ್ದರೆ ಮಾತ್ರ ಕೂಡ್ಲಿ. ಸುಮಾರು 15 ಕಿಲೋಮೀಟರ್. ಹೋಗೋದು, ಕಾಯೋದು, ವಾಪಸ್ ಬರೋದು ಮೂರೂ ಸೇರಿಸಿ ಆಟೋದವರ ಹತ್ತಿರ ಮೊದಲೇ ರೇಟು ಮಾತಾಡಿಕೊಳ್ಳಿ, ಸಂಜೆ ವಾಪಸ್ ಬಸ್ಸನ್ನು ನಂಬಿಕೊಳ್ಳಬೇಡಿ. ತುಂಗೆ, ಭದ್ರೆ ಇಬ್ಬರೂ ಹುಟ್ಟೋದು ಗಂಗಾಮೂಲದ ಒಂದೇ ಬೆಟ್ಟದಲ್ಲಿ. ಹುಟ್ಟಿದ ಕೂಡಲೇ ಬೇರೆ ಬೇರೆ ದಾರಿ ಹಿಡಿದು, ನೂರಕ್ಕೂ ಹೆಚ್ಚು ಕಿಲೋಮೀಟರ್ ಸುತ್ತಿ, ಕೂಡ್ಲಿಯಲ್ಲಿ ಒಂದಾಗುತ್ತಾರೆ. ಹಂಪಿಯಲ್ಲಿ ನೀವು ನೋಡಿದ ತುಂಗಭದ್ರೆಗೆ ಆ ಹೆಸರು ಬರೋದೇ ಇಲ್ಲಿ. ಹೊಯ್ಸಳರ ಕಾಲದ ರಾಮೇಶ್ವರ ದೇವಸ್ಥಾನ ಇದೆ, ನೋಡಿ. ಆಮೇಲೆ ಸಂಗಮದ ಪುಟ್ಟ ನಂದಿಯ ಹತ್ತಿರ ಹೋಗಿ ಕೂತುಬಿಡಿ. ಹೊಸ ಮಳೆ ಬಿದ್ದ ದಿನಗಳಲ್ಲಿ ಎರಡು ಹೊಳೆಯ ಬಣ್ಣ ಬೇರೆ ಬೇರೆ ಇದ್ದು, ಸ್ವಲ್ಪ ದೂರ ಹಾಗೇ ಜೊತೆಜೊತೆಗೆ ಹರಿಯೋದು ಕಾಣಿಸುತ್ತದೆ. ನೀರಿಗೆ ಇಳಿಯಬೇಡಿ, ಸೆಳೆತ ಇರುತ್ತದೆ.

ಮಳೆಗಾಲದಲ್ಲಿ ಒಂದು ಎಚ್ಚರ ಬೇಕು. ಆರಿದ್ರಾ, ಪುನರ್ವಸು ಮಳೆ ಹೊಡೆಯುವಾಗ ತೀರ್ಥಹಳ್ಳಿ ರಸ್ತೆಗೆ ಒಂದು ಮರ ಬಿದ್ದರೆ ಸಾಕು, ಬಸ್ಸು ಎಲ್ಲಿತ್ತೋ ಅಲ್ಲೇ. ಬೇಸಿಗೆಯಲ್ಲಿ ಗಾಡಿಗೆ ಒಂದೂವರೆ ಗಂಟೆ ಮೊದಲು ಊರೊಳಗೆ ಬಂದಿರಿ, ಮಳೆಗಾಲದಲ್ಲಿ ಎರಡೂವರೆ ಗಂಟೆ. ಉಳಿದ ಹೊತ್ತಿಗೆ ಗಾಂಧಿ ಬಜಾರ್ ಇದೆ. ಒಂದು ಪ್ಲೇಟ್ ಮಂಡಕ್ಕಿ, ಬಾಣಲೆಯಿಂದ ಆಗ ತಾನೇ ತೆಗೆದ ಎರಡು ಮೆಣಸಿನಕಾಯಿ ಬಜ್ಜಿ. ಆಮೇಲೆ ಮನೆಗೆ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ.

ಇಷ್ಟಕ್ಕೆಲ್ಲ ಅಡ್ಡ ಬರೋದು ಬ್ಯಾಗು. ನಾನು ವಿಜಯಪುರದಲ್ಲಿ ಕೂತಿದ್ದೂ ಬ್ಯಾಗಿನಿಂದ, ಆ ಅಜ್ಜ ಅಜ್ಜಿ ಕೂತಿದ್ದೂ ಬ್ಯಾಗಿನಿಂದ. ರೈಲ್ವೆ ಕ್ಲೋಕ್ ರೂಂ ಇರುವ ಕಡೆ ಬೀಗ ಹಾಕಿದ ಬ್ಯಾಗು ಮಾತ್ರ ತೆಗೆದುಕೊಳ್ಳುತ್ತಾರೆ, ಟಿಕೆಟ್ಟೂ ತೋರಿಸಬೇಕು. ಹಾಗಾಗಿ ಒಂದು ಸಣ್ಣ ಬೀಗ ಯಾವಾಗಲೂ ಜೊತೆಗಿರಲಿ. ನಾಲ್ಕು ಜನ ಇದ್ದರೆ ಬಸ್ ಸ್ಟ್ಯಾಂಡ್ ಹತ್ತಿರ ಒಂದು ರೂಂ ಮಾಡಿಬಿಡಿ, ಸ್ನಾನವೂ ಆಗುತ್ತದೆ.

ಈಗ ಊರಿನವರಿಗೆ, ಬಸ್ ಸ್ಟ್ಯಾಂಡ್ ನೋಡಿಕೊಳ್ಳುವವರಿಗೆ ನನ್ನ ಬೇಡಿಕೆ. ದುಡ್ಡು ತೆಗೆದುಕೊಂಡು, ಚೀಟಿ ಕೊಟ್ಟು, ರಾತ್ರಿ ಹತ್ತರವರೆಗೆ ಬ್ಯಾಗು ನೋಡಿಕೊಳ್ಳುವ ಒಂದು ಕೋಣೆ ಬೇಕು. ಪ್ರಯಾಣಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಒಂದು ಬೋರ್ಡ್ ಬೇಕು. ದೊಡ್ಡ ನಕ್ಷೆ, ಬಣ್ಣದ ಫೋಟೋ ಏನೂ ಬೇಡ. ಬಾಣದ ಗುರುತು ಹಾಕಿ "ತುಂಗಾ ಹೊಳೆ ಈ ಕಡೆ, ನಡೆದೇ ಹೋಗಬಹುದು" ಅಂತ ಬರೆದರೆ ಸಾಕು.