ಹಳದಿ ಪುಕ್ಕಟೆ, ಕೆಂಪಿಗೆ ಬಿಸಿಲು ಬೇಕು

ಕೇಳುಗರಿಗೆ ನಮಸ್ಕಾರ.

ಸೆಪ್ಟೆಂಬರ್ ಶುರುವಾಗಿದೆ. ನ್ಯೂಜೆರ್ಸಿ, ಪೂರ್ವ ಪೆನ್ಸಿಲ್ವೇನಿಯಾ ಕಡೆಯ ನಮ್ಮ ಹಿತ್ತಲುಗಳೆಲ್ಲ ಇನ್ನೂ ಹಸಿರಾಗಿಯೇ ಇವೆ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಪಕ್ಕದ ಮನೆಯ ಮೇಪಲ್ ಮರ ಕಡುಗೆಂಪಾಗಿ ನಿಂತಿರುತ್ತದೆ, ನಮ್ಮದು ಅಂಚು ಸುಟ್ಟು ಕಂದುಬಣ್ಣಕ್ಕೆ ತಿರುಗಿ ಉದುರಿರುತ್ತದೆ. ಆಗ "ಈ ವರ್ಷ ಹವೆ ಸರಿಯಿರಲಿಲ್ಲ" ಎಂದು ಹವೆಯ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಹವೆಯ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಒಂದೇ ಬೀದಿಯ ಎರಡು ಮರಗಳಿಗೆ ಹವೆ ಬೇರೆಬೇರೆ ಇರುವುದಿಲ್ಲವಲ್ಲ. ವ್ಯತ್ಯಾಸ ಇರುವುದು ತಳಿಯಲ್ಲಿ, ಬಿಸಿಲಿನಲ್ಲಿ, ಬೇಸಿಗೆಯಲ್ಲಿ ಸಿಕ್ಕ ನೀರಿನಲ್ಲಿ ಮತ್ತು ಮಣ್ಣಿನಲ್ಲಿ. ಈ ನಾಲ್ಕೂ ನಮ್ಮ ಕೈಯಲ್ಲಿರುವಂಥವು.

ಎಲೆಯೊಳಗೆ ಏನಾಗುತ್ತದೆ ಎನ್ನುವುದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಹಗಲು ಚಿಕ್ಕದಾಗುತ್ತ ಬಂದಂತೆ ಮರ ಪತ್ರಹರಿತ್ತನ್ನು ಹೊಸದಾಗಿ ಮಾಡುವುದನ್ನು ನಿಲ್ಲಿಸುತ್ತದೆ, ಇದ್ದದ್ದನ್ನು ಒಡೆದು ಅದರ ಸಾರವನ್ನು ಕೊಂಬೆಗೆ, ಬೇರಿಗೆ ಎಳೆದುಕೊಳ್ಳುತ್ತದೆ. ಹಸಿರು ಸರಿದಾಗ ಕಾಣುವ ಹಳದಿ ಕ್ಯಾರೊಟಿನಾಯ್ಡ್ ಎಂಬ ಬಣ್ಣದ್ರವ್ಯಗಳದ್ದು. ಅವು ವಸಂತದಿಂದಲೂ ಎಲೆಯಲ್ಲೇ ಇದ್ದವು. ಹಾಗಾಗಿ ಹಳದಿ ನಮಗೆ ಪುಕ್ಕಟೆ ಸಿಗುವ ಬಣ್ಣ. ಗಿಂಕೊ, ಬರ್ಚ್, ಹಿಕರಿ ಯಾವ ವರ್ಷವೂ ಹೆಚ್ಚು ನಿರಾಸೆ ಮಾಡದಿರುವುದು ಇದರಿಂದಲೇ.

ಕೆಂಪಿನ ಕಥೆ ಬೇರೆ. ಆಂಥೋಸಯನಿನ್ ಎಂಬ ಬಣ್ಣದ್ರವ್ಯವನ್ನು ಎಲೆ ಕೊನೆಯ ಕೆಲವು ವಾರಗಳಲ್ಲಿ ಹೊಸದಾಗಿ ತಯಾರಿಸಬೇಕು. ನೇರಳೆಹಣ್ಣು ತಿಂದಾಗ ನಾಲಿಗೆಗೆ ಹತ್ತುವುದು, ಮಾವಿನ ಎಳೆ ಚಿಗುರನ್ನು ಕೆಂಪಾಗಿಸುವುದು ಇದೇ ವರ್ಗದ ಬಣ್ಣ. ಅದನ್ನು ಮಾಡಲು ಸಕ್ಕರೆ ಬೇಕು, ಸಕ್ಕರೆಗೆ ಬಿಸಿಲು ಬೇಕು, ಬಿಸಿಲು ಹಿಡಿಯಲು ಅಕ್ಟೋಬರ್‌ವರೆಗೆ ಆರೋಗ್ಯವಾಗಿ ಉಳಿದ ಎಲೆ ಬೇಕು. ಹಗಲು ಪ್ರಖರ ಬಿಸಿಲು, ರಾತ್ರಿ 45 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೂ 32 ಮುಟ್ಟದ ಚಳಿ: ಇದು ಕೆಂಪಿಗೆ ಹೇಳಿ ಮಾಡಿಸಿದ ಹವೆ. ಮೋಡ ಕವಿದ ಬೆಚ್ಚನೆಯ ವಾರಗಳಲ್ಲಿ ಬಣ್ಣ ಮಂಕಾಗುತ್ತದೆ. ಬಣ್ಣ ಕಟ್ಟುವ ಮೊದಲೇ ಗಟ್ಟಿ ಹಿಮ ಬಿದ್ದರೆ ಎಲೆ ಸತ್ತು ನೇರವಾಗಿ ಕಂದಾಗುತ್ತದೆ.

ಮೊದಲು ಬಿಸಿಲು. ಕೆಂಪು ಬೇಕಾದ ಗಿಡಕ್ಕೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಸಿಗಬೇಕು. ಮನೆಯ ಉತ್ತರದ ಗೋಡೆಗೆ ಒತ್ತಿ ನೆಟ್ಟ ಬ್ಲೂಬೆರಿ ಬದುಕುತ್ತದೆ, ಎಲೆ ಮಾತ್ರ ಪೇಲವ ಹಳದಿಯಲ್ಲೇ ನಿಲ್ಲುತ್ತದೆ. ಒಂದೇ ಪೊದೆಯಲ್ಲಿ ಹೊರಗಿನ ಎಲೆ ಕೆಂಪಾಗಿ ಒಳಗಿನದು ಹಳದಿಯಾಗಿ ಉಳಿಯುವುದನ್ನೂ ನೋಡಬಹುದು. ಇದಕ್ಕೆ ದೊಡ್ಡ ಅಪವಾದ ಜಪಾನಿ ಮೇಪಲ್. ಅದರ ತೆಳು ಎಲೆ ಜುಲೈ ತಿಂಗಳ ಮಧ್ಯಾಹ್ನದ ಬಿಸಿಲಿಗೆ, ಒಣಗಾಳಿಗೆ ಅಂಚಿನಿಂದ ಸುಟ್ಟುಕೊಳ್ಳುತ್ತದೆ, ಸುಟ್ಟ ಎಲೆಗೆ ಅಕ್ಟೋಬರ್‌ನಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ಅದನ್ನು ಬೆಳಗಿನ ಬಿಸಿಲು ಬೀಳುವ ಪೂರ್ವದ ಕಡೆ ನೆಡಿ. ತಳಿ ಕೇಳುವುದಾದರೆ, ಬೇಸಿಗೆಯಿಡೀ ಕೆಂಪಾಗಿರುವ ಬ್ಲಡ್‌ಗುಡ್‌ಗಿಂತ, ಹಸಿರಾಗಿದ್ದು ಕೊನೆಗೆ ಒಮ್ಮೆಲೇ ಕಡುಗೆಂಪಾಗುವ ಒಸಕಜುಕಿ ನನ್ನ ಮಟ್ಟಿಗೆ ಮೇಲು. ಬದಲಾವಣೆಯೇ ಕಾಣದಿದ್ದರೆ ಶರತ್ಕಾಲದ ಸೊಗಸೇನು?

ಎರಡನೆಯದು ನೀರು. ಹೆಚ್ಚಿನ ಮನೆಗಳಲ್ಲಿ ಬಣ್ಣ ಕೆಡುವುದು ಇಲ್ಲಿಯೇ, ಅದೂ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ. ಒಣಗಿದ ಮರ ಎಲೆಯನ್ನು ಬಣ್ಣಕ್ಕೆ ಮೊದಲೇ ಕೈಬಿಡುತ್ತದೆ. ಹುಲ್ಲಿನ ಸ್ಪ್ರಿಂಕ್ಲರ್ ದಿನಾ ಹತ್ತು ನಿಮಿಷ ಚಿಮ್ಮಿಸುವ ನೀರು ಮೇಲಿನ ಒಂದೆರಡು ಇಂಚು ಮಣ್ಣನ್ನಷ್ಟೇ ಒದ್ದೆ ಮಾಡುತ್ತದೆ. ಮರಕ್ಕೆ ಬೇಕಾದದ್ದು ವಾರಕ್ಕೊಮ್ಮೆ, ನಿಧಾನವಾಗಿ, ಎಂಟರಿಂದ ಹನ್ನೆರಡು ಇಂಚು ಆಳಕ್ಕೆ ಇಳಿಯುವ ನೀರು. ಮಳೆಯೂ ಸೇರಿ ವಾರಕ್ಕೆ ಒಂದು ಇಂಚು ಎಂಬ ಲೆಕ್ಕ ಇಟ್ಟುಕೊಳ್ಳಿ. 100 ಚದರಡಿಗೆ ಒಂದು ಇಂಚು ಎಂದರೆ ಸುಮಾರು 62 ಗ್ಯಾಲನ್. ನೆಟ್ಟು ಎರಡು ವರ್ಷವಾಗದ ಮರಕ್ಕೆ ಬೇರೆ ಲೆಕ್ಕ: ಕಾಂಡದ ದಪ್ಪ ಪ್ರತಿ ಇಂಚಿಗೆ ವಾರಕ್ಕೆ 10 ಗ್ಯಾಲನ್. ಐದು ಗ್ಯಾಲನ್ ಬಕೆಟ್ಟಿನ ತಳಕ್ಕೆ ಮೊಳೆಯಿಂದ ಎರಡು ಸಣ್ಣ ತೂತು ಹೊಡೆದು ಬೇರಿನ ಮೇಲಿಟ್ಟು ತುಂಬಿಸಿದರೆ ನೀರು ಹರಿದುಹೋಗದೆ ಅಲ್ಲೇ ಇಂಗುತ್ತದೆ. ನೀರು ಸಾಕೋ ಸಾಲದೋ ಎಂದು ತಿಳಿಯಲು ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಮಣ್ಣಿಗೆ ಒತ್ತಿ ನೋಡಿ. ಆರು ಇಂಚು ಸಲೀಸಾಗಿ ಇಳಿದರೆ ಸರಿ, ಮೂರಕ್ಕೇ ನಿಂತರೆ ಇಂದೇ ನೀರು ಬಿಡಿ. ಹಾಗೆಂದು ಕೆಸರು ಮಾಡಬಾರದು. ಬೇರಿಗೆ ಉಸಿರಾಟ ಕಟ್ಟಿದರೂ ಎಲೆ ಬೇಗ ಉದುರುತ್ತದೆ.

ಗೊಬ್ಬರದ ವಿಷಯ ಚಿಕ್ಕದು: ಬಣ್ಣ ಬರಲಿ ಎಂದು ಈಗ ಮರಕ್ಕೆ ಏನನ್ನೂ ಹಾಕಬೇಡಿ. ಸಾರಜನಕ ಸಿಕ್ಕ ಮರ ಇನ್ನೂ ಬೆಳೆಯುವ ಕಾಲವಿದೆ ಎಂದುಕೊಂಡು ಹಸಿರನ್ನೇ ಹಿಡಿದಿಡುತ್ತದೆ, ಹಿಮಕ್ಕೆ ಸಿಕ್ಕಿಬೀಳುತ್ತದೆ. ಹುಲ್ಲಿಗೆ ಸೆಪ್ಟೆಂಬರ್ ಗೊಬ್ಬರ ಒಳ್ಳೆಯದೇ, ಆದರೆ ಮರದ ಕೊಂಬೆ ಹರಡಿದಷ್ಟು ಜಾಗ ಬಿಟ್ಟು ಹಾಕಿ. ಕಳೆನಾಶಕ ಬೆರೆಸಿದ ಹುಲ್ಲಿನ ಗೊಬ್ಬರವಿದ್ದರೆ ಚೀಲದ ಮೇಲೆ ಡೈಕ್ಯಾಂಬಾ ಎಂಬ ಕಳೆನಾಶಕದ ಹೆಸರಿದೆಯೇ ನೋಡಿ. ಬೇರಿನ ಮೂಲಕ ಅದು ಮರಕ್ಕೂ ಏರುತ್ತದೆ.

ಮಣ್ಣಿಗೆ ಬರೋಣ. ಕೆಂಪಾಗುವ ಗಿಡಗಳಲ್ಲಿ ಬಹುಪಾಲು ಹುಳಿಮಣ್ಣಿನವು. ರೆಡ್ ಮೇಪಲ್‌ಗೆ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ, ಕಡಿಮೆಯಾದಷ್ಟೂ ಹುಳಿ) 5ರಿಂದ 6.5, ಫಾದರ್‌ಗಿಲಾ ಎಂಬ ಪೊದೆಗೆ 5ರಿಂದ 6, ಬ್ಲೂಬೆರಿಗೆ 4.5ರಿಂದ 5.5 ಇರಬೇಕು. ಜೂನ್, ಜುಲೈನಲ್ಲೇ ಎಲೆಯ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗಿದ್ದರೆ ಅದು ಮಣ್ಣು ಕ್ಷಾರವಾಗಿರುವ ಲಕ್ಷಣ. ರೆಡ್ ಮೇಪಲ್‌ನಲ್ಲಿ ಸಾಮಾನ್ಯವಾಗಿ ಅದು ಮ್ಯಾಂಗನೀಸ್ ಕೊರತೆ, ಪಿನ್ ಓಕ್‌ನಲ್ಲಿ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಆ ಲೋಹ ಇರುತ್ತದೆ, ಬೇರಿಗೆ ಸಿಗದ ರೂಪದಲ್ಲಿರುತ್ತದೆ. ಹೊಸ ಬಡಾವಣೆಗಳಲ್ಲಿ ಇದಕ್ಕೆ ಇನ್ನೊಂದು ಕಾರಣ ಕಾಂಕ್ರೀಟ್. ಅಡಿಪಾಯದ ಗೋಡೆ, ಡ್ರೈವ್‌ವೇ ಅಂಚು, ಕಟ್ಟುವಾಗ ಹೂತುಹೋದ ಗಾರೆಯ ಚೂರು, ಇವೆಲ್ಲವುಗಳಿಂದ ಸುಣ್ಣ ಕರಗಿ ಮಣ್ಣಿಗೆ ಇಳಿಯುತ್ತಲೇ ಇರುತ್ತದೆ. ಹಿತ್ತಲ ನಡುವೆ ಚೆನ್ನಾಗಿರುವ ಗಿಡ ಗೋಡೆಯ ಬುಡದಲ್ಲಿ ಸೊರಗುವುದುಂಟು.

ಮಣ್ಣು ಹುಳಿಯಾಗಲೆಂದು ಊಹೆಯ ಮೇಲೆ ಗಂಧಕ ಸುರಿಯುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ, ಪೆನ್ಸಿಲ್ವೇನಿಯಾದಲ್ಲಿ ಪೆನ್ ಸ್ಟೇಟ್‌ಗೆ ಮಾದರಿ ಕಳಿಸಬಹುದು. ಹತ್ತಾರು ಕಡೆ ಆರೆಂಟು ಇಂಚು ಆಳದ ಮಣ್ಣು ತೆಗೆದು ಬೆರೆಸಿ ಕಳಿಸಿ. ಗಂಧಕ ಹಾಕಬೇಕೆಂದು ವರದಿ ಬಂದರೆ ಒಂದು ಸಲಕ್ಕೆ 100 ಚದರಡಿಗೆ 2 ಪೌಂಡ್ ಮೀರಬೇಡಿ, ಮರಳು ಮಣ್ಣಾದರೆ ಅದಕ್ಕಿಂತ ಕಡಿಮೆ. ಗಂಧಕವನ್ನು ಆಮ್ಲವಾಗಿಸುವುದು ಮಣ್ಣಿನ ಬ್ಯಾಕ್ಟೀರಿಯಾ, ಚಳಿಯಲ್ಲಿ ಅವು ಮಂದ. ಹಾಗಾಗಿ ಈಗ ಹಾಕಿದ್ದು ಈ ಅಕ್ಟೋಬರ್‌ಗೆ ದಕ್ಕುವುದಿಲ್ಲ, ಮುಂದಿನದಕ್ಕೆ ದಕ್ಕುತ್ತದೆ.

ಇನ್ನು ತಳಿ. ಅಂಗಡಿಯವರು "ರೆಡ್ ಮೇಪಲ್" ಎಂದಷ್ಟೇ ಬರೆದ ಚೀಟಿ ತೋರಿಸಿದರೆ ಕೊಳ್ಳಬೇಡಿ. ಬೀಜದಿಂದ ಎದ್ದ ರೆಡ್ ಮೇಪಲ್ ಕೆಂಪೂ ಆಗಬಹುದು, ಮಾಸಲು ಹಳದಿಯೂ ಆಗಬಹುದು. ಹೆಸರಿರುವ ತಳಿ ಕೇಳಿ. ರೆಡ್ ಸನ್‌ಸೆಟ್ ಬೇಗ ಬಣ್ಣ ಕಟ್ಟುತ್ತದೆ. ಅಕ್ಟೋಬರ್ ಗ್ಲೋರಿ ತಡ, ಎಲೆ ಬಹಳ ದಿನ ನಿಲ್ಲುತ್ತದೆ. ನ್ಯೂಜೆರ್ಸಿಗೆ ಅದು ಸೊಗಸು, ಆದರೆ ಉತ್ತರ ನ್ಯೂಯಾರ್ಕ್, ವರ್ಮಾಂಟ್ ಕಡೆ ಬಣ್ಣ ಬರುವ ಮೊದಲೇ ಹಿಮ ಹೊಡೆದುಬಿಡಬಹುದು. ಆಟಮ್ ಬ್ಲೇಜ್ ಬೇಗ ಬೆಳೆಯುತ್ತದೆ ಎಂದು ಎಲ್ಲರೂ ನೆಡುತ್ತಾರೆ. ಕವಲು ಇಕ್ಕಟ್ಟಾದರೆ ಗಾಳಿಗೆ ಸೀಳುತ್ತದೆ, ಎಳೆತನದಲ್ಲೇ ಸವರಿ ಒಂದೇ ಮುಖ್ಯ ಕಾಂಡ ಉಳಿಸಬೇಕು. ಕಿತ್ತಳೆ ಬಣ್ಣದ ಶುಗರ್ ಮೇಪಲ್‌ಗೆ ಸಾಟಿಯಿಲ್ಲ, ಆದರೆ ಚಳಿಗಾಲದಲ್ಲಿ ಉಪ್ಪು ಎರಚುವ ರಸ್ತೆಯಂಚಿಗೆ ಅದು ಬಾಳದು. ಗಿಂಕೊ ಕೊಳ್ಳುವುದಾದರೆ ಕಸಿಮಾಡಿದ ಗಂಡು ಮರವೇ ಆಗಬೇಕು, ಪ್ರಿನ್ಸ್‌ಟನ್ ಸೆಂಟ್ರಿ ಅಥವಾ ಆಟಮ್ ಗೋಲ್ಡ್. ಹೆಣ್ಣು ಮರದ ಹಣ್ಣು ಕೊಳೆತು ನಾರಿದಾಗ ಮನೆಯವರೇ ಮುಂಬಾಗಿಲು ಬಿಟ್ಟು ಗರಾಜಿನಿಂದ ಓಡಾಡುತ್ತಾರೆ.

ಟೌನ್‌ಹೌಸ್‌ನ ಅಂಗೈಯಗಲ ಜಾಗಕ್ಕೆ ಅರವತ್ತು ಅಡಿಯ ಮೇಪಲ್ ಬೇಡವೇ ಬೇಡ. ಆಟಮ್ ಬ್ರಿಲಿಯನ್ಸ್ ಎಂಬ ಸರ್ವಿಸ್‌ಬೆರಿ ಇಪ್ಪತ್ತು ಅಡಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಬಿಳಿ ಹೂ, ಜೂನ್‌ನಲ್ಲಿ ತಿನ್ನಬಹುದಾದ ಹಣ್ಣು, ಅಕ್ಟೋಬರ್‌ನಲ್ಲಿ ಕಿತ್ತಳೆಗೆಂಪು. ಪೊದೆಗಳಲ್ಲಿ ಮೌಂಟ್ ಏರಿ ಫಾದರ್‌ಗಿಲಾ ಐದಾರು ಅಡಿ ಬೆಳೆಯುತ್ತದೆ, ಒಂದೇ ಎಲೆಯಲ್ಲಿ ಹಳದಿ, ಕಿತ್ತಳೆ, ಕೆಂಪು ಮೂರೂ ಕಾಣುತ್ತವೆ. ಹೆನ್ರೀಸ್ ಗಾರ್ನೆಟ್ ಎಂಬ ಸ್ವೀಟ್‌ಸ್ಪೈರ್ ಕೊಂಚ ತಗ್ಗುಜಾಗದ ತೇವವನ್ನೂ ತಾಳುತ್ತದೆ, ಮಾಣಿಕ್ಯದ ಬಣ್ಣದ ಎಲೆ ನವೆಂಬರ್ ದಾಟಿಯೂ ನಿಲ್ಲುವುದುಂಟು.

ಬರ್ನಿಂಗ್ ಬುಷ್ ಎಂಬ ಪೊದೆಯನ್ನು ಮಾತ್ರ ನೆಡಬೇಡಿ. ಕೆಂಪು ಚೆನ್ನ, ನಿಜ. ಆದರೆ ಹಕ್ಕಿಗಳು ಅದರ ಬೀಜ ಒಯ್ದು ಕಾಡಿಗೆ ಹರಡುತ್ತವೆ. ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಷೈರ್‌ಗಳಲ್ಲಿ ಅದರ ಮಾರಾಟವೇ ನಿಷಿದ್ಧ. ಬ್ರಾಡ್‌ಫೋರ್ಡ್ ಪೇರ್ ಮರದ್ದೂ ಅದೇ ಗತಿ. ಅದರ ಜಾತಿಯ ಮಾರಾಟವನ್ನು ಓಹಾಯೊ 2023ರಿಂದ ನಿಲ್ಲಿಸಿದೆ. ಇನ್ನೊಂದು ಎಚ್ಚರಿಕೆ: ಬೇಲಿಯ ಮೇಲೆ ಹಬ್ಬಿ ಸೊಗಸಾಗಿ ಕೆಂಪಾದ ಬಳ್ಳಿಯನ್ನು ಕಿತ್ತು ಹೂದಾನಿಗೆ ಹಾಕುವ ಮುನ್ನ ಎಲೆ ಎಣಿಸಿ. ಗೊಂಚಲಿಗೆ ಐದಿದ್ದರೆ ವರ್ಜೀನಿಯಾ ಕ್ರೀಪರ್, ಮೂರಿದ್ದರೆ ಪಾಯ್ಸನ್ ಐವಿ ಇರಬಹುದು, ಮುಟ್ಟಬೇಡಿ. ಒಣಗಿದ ಮೇಲೂ ಚರ್ಮ ಬೊಬ್ಬೆ ಏಳುತ್ತದೆ. ಸುಟ್ಟರೆ ಹೊಗೆ ಶ್ವಾಸಕೋಶಕ್ಕೇ ಹೋಗುತ್ತದೆ.

ನೆಡುವ ಕಾಲ ಈಗ. ಆದರೆ ಎಲ್ಲಕ್ಕೂ ಅಲ್ಲ. ಪೊದೆಗಳನ್ನು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ಧಾರಾಳವಾಗಿ ನೆಡಿ. ಬೇರುಗಡ್ಡೆಗೆ, ಅಂದರೆ ಮಣ್ಣು ಸಮೇತದ ಬೇರಿನ ಉಂಡೆಗೆ, ಗೋಣಿ ಸುತ್ತಿ ಮಾರುವ ರೆಡ್ ಮೇಪಲ್, ಬ್ಲ್ಯಾಕ್ ಗಮ್, ಓಕ್‌ಗಳು ಶರತ್ಕಾಲದಲ್ಲಿ ನೆಟ್ಟರೆ ಸರಿಯಾಗಿ ಬೇರೂರದೆ ಹೋಗುವುದು ಹೆಚ್ಚು. ಅಂಥವನ್ನು ಅಕ್ಟೋಬರ್‌ನಲ್ಲಿ ನರ್ಸರಿಗೆ ಹೋಗಿ, ಬಣ್ಣವನ್ನು ಕಣ್ಣಾರೆ ನೋಡಿ, ಮರಕ್ಕೆ ನಿಮ್ಮ ಹೆಸರಿನ ಚೀಟಿ ಕಟ್ಟಿಸಿ ಬನ್ನಿ. ನೆಡುವುದು ಏಪ್ರಿಲ್‌ಗೆ.

ಗುಂಡಿ ಬೇರುಗಡ್ಡೆಯಷ್ಟೇ ಆಳ, ಅದರ ಎರಡು ಮೂರು ಪಟ್ಟು ಅಗಲ ಇರಲಿ. ಕಾಂಡ ಬೇರಾಗಿ ಅಗಲಗೊಳ್ಳುವ ಬುಡ ನೆಲದ ಮೇಲೆ ಕಾಣಲೇಬೇಕು. ಕುಂಡದ ಗಿಡಗಳಲ್ಲಿ ಅದು ಎರಡು ಮೂರು ಇಂಚು ಮಣ್ಣಿನಡಿ ಹೂತಿರುವುದು ಸಾಮಾನ್ಯ, ಮೇಲಿನ ಮಣ್ಣು ಕೆರೆದು ಹುಡುಕಿ. ಸುರುಳಿ ಸುತ್ತಿದ ಬೇರುಗಳನ್ನು ಕತ್ತರಿಸಿ ಬಿಡಿಸಿ. ತೆಗೆದ ಮಣ್ಣನ್ನೇ ತುಂಬಿ. ಬುಡದ ಸುತ್ತಲ ಹೊದಿಕೆ (ಮಲ್ಚ್) ಎರಡು ಮೂರು ಇಂಚು ಸಾಕು, ಕಾಂಡದಿಂದ ನಾಲ್ಕು ಇಂಚು ದೂರವಿರಲಿ. ಬುಡಕ್ಕೆ ಗುಡ್ಡೆಹಾಕಿದ ಮಲ್ಚ್ ತೊಗಟೆಯನ್ನು ಕೊಳೆಸುತ್ತದೆ, ಬೇರನ್ನು ಕಾಂಡದ ಸುತ್ತ ಬೆಳೆಸುತ್ತದೆ.

ಆಗಸ್ಟ್‌ನಲ್ಲೇ ನಿಮ್ಮ ಮೇಪಲ್‌ನ ಒಂದು ಕೊಂಬೆ ಮಾತ್ರ ಕೆಂಪಾಗಿದ್ದರೆ ಫೋಟೊ ತೆಗೆದು ಖುಷಿಪಡಬೇಡಿ. ಅದು ಬೇರಿನ ತೊಂದರೆಯ ಲಕ್ಷಣವಿರಬಹುದು, ಬುಡ ಬಗೆದು ನೋಡಿ. ಹೆಬ್ಬೆರಳ ಗಾತ್ರದ ಬೇರೊಂದು ಕಾಂಡಕ್ಕೆ ಅಡ್ಡಲಾಗಿ ಒತ್ತಿ ಕೂತಿರಬಹುದು, ಆ ಕಡೆಯ ಕಾಂಡ ಕಂಬದಂತೆ ನೇರವಾಗಿ ಮಣ್ಣಿಗಿಳಿದಿರುತ್ತದೆ. ಬೇರು ಚಿಕ್ಕದಾದರೆ ಉಳಿಯಿಂದ ಕಡಿದು ತೆಗೆಯಬಹುದು, ದೊಡ್ಡದಾದರೆ ಪ್ರಮಾಣಪತ್ರವಿರುವ ಮರತಜ್ಞರನ್ನು ಕರೆಸಿ.

ಉದುರಿದ ಎಲೆಯನ್ನು ಮಲ್ಚಿಂಗ್ ಮೋವರ್‌ನಿಂದ (ಪುಡಿಮಾಡುವ ಹುಲ್ಲು ಕತ್ತರಿಸುವ ಯಂತ್ರದಿಂದ) ಎರಡು ಸುತ್ತು ಪುಡಿಮಾಡಿ ಹುಲ್ಲಿನಲ್ಲೇ ಬಿಡಿ. ಟಾರು ಹನಿಸಿದಂಥ ಕಪ್ಪು ಚುಕ್ಕೆ ಬಿದ್ದ ಮೇಪಲ್ ಎಲೆಯನ್ನು ಮಾತ್ರ ಗುಡಿಸಿ, ಚೀಲಕ್ಕೆ ತುಂಬಿ ಹೊರಗೆ ಸಾಗಿಸಿ. ಆ ಶಿಲೀಂಧ್ರ ಬಿದ್ದ ಎಲೆಯಲ್ಲೇ ಚಳಿಗಾಲ ಕಳೆದು ವಸಂತದಲ್ಲಿ ಹೊಸ ಎಲೆಗೆ ಹತ್ತುತ್ತದೆ. ಹೊಸದಾಗಿ ನೆಟ್ಟದ್ದಕ್ಕೆ ಥ್ಯಾಂಕ್ಸ್‌ಗಿವಿಂಗ್‌ವರೆಗೂ, ನೆಲ ಹೆಪ್ಪುಗಟ್ಟುವ ತನಕ, ನೀರು ತಪ್ಪಿಸಬೇಡಿ.

ನಮಸ್ಕಾರ.